ಉಪಗ್ರಹ ರೇಡಾರ್ ಚಿತ್ರಗಳಿಂದ ಕರಾವಳಿ ಪ್ರವಾಹದ ನಕ್ಷೆ ರಚನೆ

ಉಪಗ್ರಹ ರೇಡಾರ್ ಚಿತ್ರಗಳಿಂದ ಕರಾವಳಿ ಪ್ರವಾಹದ ನಕ್ಷೆ ರಚನೆ ಎಂಬುದು ದೂರಸಂವೇದನೆಯ ಒಂದು ಅನ್ವಯ. ಇದರಲ್ಲಿ ಉಪಗ್ರಹವು ತಾನೇ ಸೂಕ್ಷ್ಮತರಂಗಗಳನ್ನು ನೆಲದತ್ತ ಕಳುಹಿಸಿ, ಅವುಗಳಲ್ಲಿ ಹಿಂದಿರುಗಿ ಬರುವ ಭಾಗವನ್ನು ಅಳೆಯುತ್ತದೆ. ಈ ಅಳತೆಗಳಿಂದ ಮೂಡುವ ಚಿತ್ರದಲ್ಲಿ ನೀರು ಆವರಿಸಿದ ಪ್ರದೇಶವನ್ನು ಒಣ ನೆಲದಿಂದ ಬೇರ್ಪಡಿಸಿ ನಕ್ಷೆಯಲ್ಲಿ ಗುರುತಿಸಲಾಗುತ್ತದೆ. ಸೂಕ್ಷ್ಮತರಂಗಗಳು ಮೋಡವನ್ನು ದಾಟಿ ಹೋಗುವುದರಿಂದಲೂ ಅವಕ್ಕೆ ಸೂರ್ಯನ ಬೆಳಕು ಬೇಕಿಲ್ಲದಿರುವುದರಿಂದಲೂ ಚಂಡಮಾರುತದ ದಿನಗಳಲ್ಲಿ, ರಾತ್ರಿಯ ವೇಳೆಯಲ್ಲಿಯೂ, ಈ ವಿಧಾನವನ್ನು ಬಳಸಬಹುದು. ಪರಿಹಾರ ಕಾರ್ಯ, ಬೆಳೆಹಾನಿಯ ಅಂದಾಜು, ಪ್ರವಾಹ ಮುನ್ಸೂಚನಾ ಮಾದರಿಗಳ ಪರೀಕ್ಷೆ ಮತ್ತು ಕರಾವಳಿ ಯೋಜನೆಗಳಲ್ಲಿ ಇದರ ಉಪಯೋಗವಿದೆ.

ರೇಡಾರ್ ನಕ್ಷೆಯು ಉಪಗ್ರಹ ಹಾದುಹೋದ ಕೆಲವು ಕ್ಷಣಗಳ ಸ್ಥಿತಿಯನ್ನು ಮಾತ್ರ ತೋರಿಸುತ್ತದೆ. ಕಟ್ಟಡಗಳ ನಡುವಿನ ಮತ್ತು ದಟ್ಟ ಮರಗಳ ಕೆಳಗಿನ ನೀರು ಅದರಲ್ಲಿ ಅನೇಕ ವೇಳೆ ಕಾಣುವುದಿಲ್ಲ. ಆದುದರಿಂದ ನಕ್ಷೆಯಲ್ಲಿ ನೀರೆಂದು ಗುರುತಿಸದ ಸ್ಥಳವನ್ನು ಒಣ ನೆಲವೆಂದು ಭಾವಿಸಲಾಗದು.

## ಹಿನ್ನೆಲೆ

ಕರಾವಳಿಯಲ್ಲಿ ಪ್ರವಾಹವು ಮುಖ್ಯವಾಗಿ ಮೂರು ಮೂಲಗಳಿಂದ ಉಂಟಾಗುತ್ತದೆ. ಮೊದಲನೆಯದು ಚಂಡಮಾರುತದ ಗಾಳಿಯು ಸಮುದ್ರದ ನೀರನ್ನು ದಡದತ್ತ ತಳ್ಳುವುದರಿಂದ ಏಳುವ ಬಿರುಗಾಳಿ ಉಬ್ಬರ. ಎರಡನೆಯದು ಮೇಲ್ಭಾಗದ ಮಳೆಯಿಂದ ತುಂಬಿ ಹರಿದ ನದಿಗಳು ಅಳಿವೆಯ ಬಳಿ ದಡ ಮೀರುವುದು. ಮೂರನೆಯದು ಸ್ಥಳೀಯವಾಗಿ ಸುರಿದ ಮಳೆನೀರು ಹೊರಹೋಗದೆ ತಗ್ಗಿನಲ್ಲಿ ನಿಲ್ಲುವುದು. ಇವು ಒಂದೇ ವೇಳೆಗೆ ಕೂಡಿ ಬಂದರೆ, ಏರಿದ ಸಮುದ್ರವು ನದಿಯ ನೀರನ್ನು ತಡೆಹಿಡಿಯುವುದರಿಂದ ಹಾನಿ ಹೆಚ್ಚುತ್ತದೆ. ಇಂಥ ಪ್ರವಾಹವನ್ನು ಸಂಯುಕ್ತ ಪ್ರವಾಹ ಎನ್ನುತ್ತಾರೆ.

ಸಾಮಾನ್ಯ ಉಪಗ್ರಹ ಕ್ಯಾಮೆರಾಗಳು ನೆಲದಿಂದ ಪ್ರತಿಫಲಿಸಿದ ಸೂರ್ಯನ ಬೆಳಕನ್ನು ಗ್ರಹಿಸುತ್ತವೆ. ಚಂಡಮಾರುತದ ಮೋಡಗಳು ಆಗಸವನ್ನು ಹಲವು ದಿನಗಳ ಕಾಲ ಮುಚ್ಚಿರುವುದರಿಂದ, ನಕ್ಷೆಯ ಅಗತ್ಯ ತೀವ್ರವಾಗಿರುವ ಹೊತ್ತಿನಲ್ಲಿಯೇ ಅವು ನಿರುಪಯುಕ್ತವಾಗುತ್ತವೆ. ರಸ್ತೆ, ವಿದ್ಯುತ್ ಮತ್ತು ದೂರವಾಣಿ ಸಂಪರ್ಕಗಳು ಕಡಿದುಹೋದಾಗ ನೆಲದಿಂದ ವರದಿಗಳು ಬರುವುದೂ ತಡವಾಗುತ್ತದೆ. ಈ ಕೊರತೆಯನ್ನು ರೇಡಾರ್ ಉಪಗ್ರಹಗಳು ಬಹುಮಟ್ಟಿಗೆ ತುಂಬುತ್ತವೆ.

## ಕಾರ್ಯತತ್ತ್ವ

### ಸಿಂಥೆಟಿಕ್ ಅಪರ್ಚರ್ ರೇಡಾರ್

ರೇಡಾರ್ ಚಿತ್ರದ ಸೂಕ್ಷ್ಮತೆಯು ಆಂಟೆನಾದ ಉದ್ದವನ್ನು ಅವಲಂಬಿಸಿದೆ. ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಸೆಂಟಿನೆಲ್-1 ಉಪಗ್ರಹವು ಸುಮಾರು 693 ಕಿ.ಮೀ. ಎತ್ತರದಲ್ಲಿ ಸುತ್ತುತ್ತದೆ, ಅದರ ಆಂಟೆನಾದ ಉದ್ದ 12.3 ಮೀಟರ್, ತರಂಗಾಂತರ ಸುಮಾರು 5.6 ಸೆಂ.ಮೀ. ಈ ಆಂಟೆನಾವನ್ನು ನೇರವಾಗಿ ಬಳಸಿದರೆ, ಉಪಗ್ರಹ ಚಲಿಸುವ ದಿಕ್ಕಿನಲ್ಲಿ ಸುಮಾರು 4 ಕಿ.ಮೀ.ಗಿಂತ ಸಣ್ಣ ವಿವರಗಳು ಬೇರೆ ಬೇರೆಯಾಗಿ ಕಾಣುವುದಿಲ್ಲ. ಆದರೆ ಉಪಗ್ರಹವು ಮುಂದೆ ಸಾಗುತ್ತ ಒಂದೇ ಸ್ಥಳದಿಂದ ಪಡೆದ ಅನೇಕ ಪ್ರತಿಧ್ವನಿಗಳನ್ನು ಗಣಿತದ ಮೂಲಕ ಒಟ್ಟುಗೂಡಿಸಿದರೆ, ಕಿಲೋಮೀಟರುಗಳಷ್ಟು ಉದ್ದದ ಆಂಟೆನಾದಿಂದ ದೊರೆಯಬಹುದಾದ ಸೂಕ್ಷ್ಮತೆ ದೊರೆಯುತ್ತದೆ. ಈ ತಂತ್ರವೇ ಸಿಂಥೆಟಿಕ್ ಅಪರ್ಚರ್ ರೇಡಾರ್, ಸಂಕ್ಷಿಪ್ತವಾಗಿ ಎಸ್‌ಎಆರ್. ಇದರ ಮೂಲ ಕಲ್ಪನೆಯನ್ನು 1951ರಲ್ಲಿ ಅಮೆರಿಕದ ಗುಡ್‌ಇಯರ್ ಏರ್‌ಕ್ರಾಫ್ಟ್ ಸಂಸ್ಥೆಯ ಗಣಿತಜ್ಞ ಕಾರ್ಲ್ ವೈಲಿ ಮಂಡಿಸಿದರು.

### ನೀರು ಕಪ್ಪಾಗಿ ಕಾಣುವ ಕಾರಣ

ಎಸ್‌ಎಆರ್ ಉಪಗ್ರಹವು ನೇರ ಕೆಳಕ್ಕೆ ನೋಡದೆ ಒಂದು ಪಾರ್ಶ್ವಕ್ಕೆ ಓರೆಯಾಗಿ ನೋಡುತ್ತದೆ. ಶಾಂತವಾದ ನೀರಿನ ಮೇಲ್ಮೈ ಕನ್ನಡಿಯಂತೆ ವರ್ತಿಸಿ, ಓರೆಯಾಗಿ ಬಿದ್ದ ತರಂಗಗಳನ್ನು ಉಪಗ್ರಹದಿಂದ ದೂರದ ದಿಕ್ಕಿಗೆ ಪ್ರತಿಫಲಿಸುತ್ತದೆ. ಹಿಂದಿರುಗುವ ಶಕ್ತಿ ಅತ್ಯಲ್ಪವಾಗುವುದರಿಂದ ನೀರು ಕಪ್ಪಾಗಿ ಕಾಣುತ್ತದೆ. ಮಣ್ಣು, ಬೆಳೆ ಮತ್ತು ಕಲ್ಲುಗಳ ಒರಟು ಮೇಲ್ಮೈಯಿಂದ ತರಂಗಗಳು ಎಲ್ಲ ದಿಕ್ಕುಗಳಿಗೂ ಚದುರುತ್ತವೆ. ಅವುಗಳಲ್ಲಿ ಒಂದು ಭಾಗ ಉಪಗ್ರಹಕ್ಕೆ ಮರಳುವುದರಿಂದ ನೆಲವು ಬೂದು ಬಣ್ಣದ ವಿವಿಧ ಛಾಯೆಗಳಲ್ಲಿ ಕಾಣುತ್ತದೆ. ಹೀಗೆ ಮರಳುವ ಭಾಗವನ್ನು ಹಿಂಚದುರಿಕೆ ಎಂದು ಕರೆಯಬಹುದು.

ಹಿಂಚದುರಿಕೆಯನ್ನು ಸಾಮಾನ್ಯವಾಗಿ ಡೆಸಿಬೆಲ್‌ಗಳಲ್ಲಿ ಸೂಚಿಸುತ್ತಾರೆ. ಹಿಂಚದುರಿಕೆ ಗುಣಾಂಕ 0.1 ಆಗಿದ್ದರೆ ಅದು −10 ಡೆಸಿಬೆಲ್, 0.01 ಆಗಿದ್ದರೆ −20 ಡೆಸಿಬೆಲ್. ಅಂದರೆ 10 ಡೆಸಿಬೆಲ್ ಇಳಿಕೆಯೆಂದರೆ ಶಕ್ತಿಯು ಹತ್ತನೇ ಒಂದು ಭಾಗಕ್ಕೆ ಕುಸಿದಂತೆ. ಹೊಲವೊಂದರ ಮೇಲೆ ತೆರೆದ ನೀರು ಹರಡಿದಾಗ ಇಂಥ ದೊಡ್ಡ ಕುಸಿತ ಕಂಡುಬರುತ್ತದೆ. ಪ್ರವಾಹ ಪತ್ತೆಗೆ ಇದೇ ಆಧಾರ.

### ಇಮ್ಮಡಿ ಪ್ರತಿಫಲನ

ಎಲ್ಲ ಪ್ರವಾಹವೂ ಕಪ್ಪಾಗಿ ಕಾಣುವುದಿಲ್ಲ. ಮರದ ಕಾಂಡ ಅಥವಾ ಮನೆಯ ಗೋಡೆ ನೀರಿನಲ್ಲಿ ನೆಟ್ಟಗೆ ನಿಂತಿದ್ದರೆ, ತರಂಗವು ಮೊದಲು ನೀರಿನಿಂದ, ಬಳಿಕ ಕಾಂಡ ಅಥವಾ ಗೋಡೆಯಿಂದ ಪುಟಿದು ಉಪಗ್ರಹಕ್ಕೇ ಮರಳುತ್ತದೆ. ಇದನ್ನು ಇಮ್ಮಡಿ ಪ್ರತಿಫಲನ ಎನ್ನುತ್ತಾರೆ. ಇಂಥಲ್ಲಿ ಪ್ರವಾಹಪೀಡಿತ ಸ್ಥಳವು ಮೊದಲಿಗಿಂತ ಹೆಚ್ಚು ಬೆಳ್ಳಗೆ ಕಾಣುತ್ತದೆ. ಕಪ್ಪನ್ನು ಮಾತ್ರ ಹುಡುಕುವ ವಿಧಾನವು ಈ ಪ್ರದೇಶಗಳನ್ನು ಸಂಪೂರ್ಣವಾಗಿ ಕೈಬಿಡುತ್ತದೆ.

### ತರಂಗಾಂತರ ಮತ್ತು ಧ್ರುವೀಕರಣ

ಭೂವೀಕ್ಷಣೆಯಲ್ಲಿ ಬಳಕೆಯಲ್ಲಿರುವ ಪ್ರಮುಖ ತರಂಗಪಟ್ಟಿಗಳು ಹೀಗಿವೆ:

* ಎಕ್ಸ್ ಪಟ್ಟಿ: ತರಂಗಾಂತರ ಸುಮಾರು 3 ಸೆಂ.ಮೀ. ಸೂಕ್ಷ್ಮ ವಿವರಗಳಿಗೆ ಅನುಕೂಲ. ಎಲೆಗಳ ಮೇಲ್ಪದರದಲ್ಲಿಯೇ ಬಹುಪಾಲು ಚದುರಿಹೋಗುತ್ತದೆ.
* ಸಿ ಪಟ್ಟಿ: ಸುಮಾರು 5.6 ಸೆಂ.ಮೀ. ತೆರೆದ ನೀರಿನ ಪತ್ತೆಗೆ ಹೆಚ್ಚಾಗಿ ಬಳಕೆಯಾಗುತ್ತದೆ.
* ಎಸ್ ಪಟ್ಟಿ: ಸುಮಾರು 10 ಸೆಂ.ಮೀ.
* ಎಲ್ ಪಟ್ಟಿ: ಸುಮಾರು 24 ಸೆಂ.ಮೀ. ಎಲೆ ಮತ್ತು ಸಣ್ಣ ರೆಂಬೆಗಳನ್ನು ದಾಟಿ ಕಾಂಡ ಹಾಗೂ ನೀರಿನವರೆಗೆ ತಲುಪುತ್ತದೆ.

ತರಂಗದ ಕಂಪನವು ಅಡ್ಡಲಾಗಿದೆಯೋ ಲಂಬವಾಗಿದೆಯೋ ಎಂಬುದೇ ಧ್ರುವೀಕರಣ. ಲಂಬವಾಗಿ ಕಳುಹಿಸಿ ಲಂಬವಾಗಿಯೇ ಗ್ರಹಿಸುವುದನ್ನು ವಿವಿ ಎಂದೂ, ಲಂಬವಾಗಿ ಕಳುಹಿಸಿ ಅಡ್ಡಲಾಗಿ ಗ್ರಹಿಸುವುದನ್ನು ವಿಎಚ್ ಎಂದೂ, ಎರಡೂ ಅಡ್ಡಲಾಗಿದ್ದರೆ ಎಚ್‌ಎಚ್ ಎಂದೂ ಗುರುತಿಸುತ್ತಾರೆ. ನೀರು ಮತ್ತು ನೆಲದ ವ್ಯತ್ಯಾಸವನ್ನು ಎಚ್‌ಎಚ್ ಚೆನ್ನಾಗಿ ತೋರಿಸುತ್ತದೆ. ಸೆಂಟಿನೆಲ್-1 ನೆಲದ ಮೇಲೆ ಸಾಮಾನ್ಯವಾಗಿ ವಿವಿ ಮತ್ತು ವಿಎಚ್ ಚಿತ್ರಗಳನ್ನು ತೆಗೆಯುತ್ತದೆ. ಗಾಳಿಯಿಂದ ಕದಡಿದ ನೀರಿನ ಪ್ರಭಾವವು ವಿಎಚ್ ಚಿತ್ರದಲ್ಲಿ ಕಡಿಮೆ.

## ಇತಿಹಾಸ

ಭೂವೀಕ್ಷಣೆಗಾಗಿ ಎಸ್‌ಎಆರ್ ಹೊತ್ತ ಮೊದಲ ನಾಗರಿಕ ಉಪಗ್ರಹ ಅಮೆರಿಕದ ಸೀಸ್ಯಾಟ್. 1978ರ ಜೂನ್‌ನಲ್ಲಿ ಉಡಾವಣೆಯಾದ ಅದು ವಿದ್ಯುತ್ ವ್ಯವಸ್ಥೆಯ ದೋಷದಿಂದ ಅದೇ ವರ್ಷದ ಅಕ್ಟೋಬರ್‌ನಲ್ಲಿ ನಿಷ್ಕ್ರಿಯಗೊಂಡಿತು. 1991ರಲ್ಲಿ ಯುರೋಪಿನ ಇಆರ್‌ಎಸ್-1 ಮತ್ತು 1995ರಲ್ಲಿ ಕೆನಡಾದ ರೇಡಾರ್‌ಸ್ಯಾಟ್-1 ಕಕ್ಷೆ ಸೇರಿದ ಬಳಿಕ ರೇಡಾರ್ ಚಿತ್ರಗಳು ನಿಯತವಾಗಿ ದೊರೆಯತೊಡಗಿದವು. 1993ರ ಮಿಸಿಸಿಪಿ ನದಿಯ ಮಹಾಪ್ರವಾಹದ ಅಧ್ಯಯನದಲ್ಲಿ ಇಆರ್‌ಎಸ್-1ರ ಚಿತ್ರಗಳನ್ನು ಬಳಸಲಾಯಿತು.

ವಿಪತ್ತಿನ ವೇಳೆಯಲ್ಲಿ ವಿವಿಧ ದೇಶಗಳ ಉಪಗ್ರಹಗಳನ್ನು ಒಟ್ಟಾಗಿ ಬಳಸಲು ಬಾಹ್ಯಾಕಾಶ ಮತ್ತು ಮಹಾವಿಪತ್ತುಗಳ ಅಂತರರಾಷ್ಟ್ರೀಯ ಸನ್ನದು 2000ದ ನವೆಂಬರ್‌ನಲ್ಲಿ ಕಾರ್ಯಾರಂಭ ಮಾಡಿತು. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ (ಇಸ್ರೊ) 2001ರಲ್ಲಿ ಇದಕ್ಕೆ ಸೇರಿತು. ಯುರೋಪಿನ ಕೋಪರ್ನಿಕಸ್ ತುರ್ತು ನಿರ್ವಹಣಾ ಸೇವೆಯ ನಕ್ಷೆ ವಿಭಾಗವು 2012ರಿಂದ ಕೆಲಸ ಮಾಡುತ್ತಿದೆ.

ಈ ಕ್ಷೇತ್ರದಲ್ಲಿ ದೊಡ್ಡ ಬದಲಾವಣೆಯನ್ನು ತಂದದ್ದು ಸೆಂಟಿನೆಲ್-1 ಸರಣಿ. ಇದರ ಎಲ್ಲ ಚಿತ್ರಗಳೂ ಉಚಿತವಾಗಿ, ಯಾರಿಗೂ ಮುಕ್ತವಾಗಿ ದೊರೆಯುತ್ತವೆ. ಸೆಂಟಿನೆಲ್-1ಎ 2014ರ ಏಪ್ರಿಲ್‌ನಲ್ಲಿ, 1ಬಿ 2016ರ ಏಪ್ರಿಲ್‌ನಲ್ಲಿ ಉಡಾವಣೆಯಾದವು. ಒಂದು ಉಪಗ್ರಹವು ಅದೇ ಪಥಕ್ಕೆ 12 ದಿನಗಳಿಗೊಮ್ಮೆ ಮರಳುತ್ತದೆ. ಎರಡಿದ್ದರೆ ಈ ಅಂತರ 6 ದಿನ. 2021ರ ಡಿಸೆಂಬರ್‌ನಲ್ಲಿ ವಿದ್ಯುತ್ ದೋಷದಿಂದ 1ಬಿ ಕೆಲಸ ನಿಲ್ಲಿಸಿದಾಗ ಅಂತರವು ಮತ್ತೆ 12 ದಿನಗಳಿಗೆ ಹಿಗ್ಗಿತು. ಅದರ ಸ್ಥಾನವನ್ನು ತುಂಬುವ 1ಸಿ 2024ರ ಡಿಸೆಂಬರ್‌ನಲ್ಲಿ ಉಡಾವಣೆಯಾಯಿತು.

ಖಾಸಗಿ ವಲಯದಲ್ಲಿ ಫಿನ್ಲೆಂಡಿನ ಐಸ್‌ಐ ಸಂಸ್ಥೆಯು ಸಣ್ಣ ಗಾತ್ರದ ಎಕ್ಸ್ ಪಟ್ಟಿಯ ರೇಡಾರ್ ಉಪಗ್ರಹಗಳ ಸಮೂಹವನ್ನು ನಿರ್ಮಿಸಿದೆ. ಅದರ ಮೊದಲ ಉಪಗ್ರಹವನ್ನು 2018ರ ಜನವರಿಯಲ್ಲಿ ಶ್ರೀಹರಿಕೋಟದಿಂದ ಭಾರತದ ಪಿಎಸ್‌ಎಲ್‌ವಿ-ಸಿ40 ರಾಕೆಟ್ ಕಕ್ಷೆಗೆ ಸೇರಿಸಿತು.

## ನಕ್ಷೆ ರಚನೆಯ ಹಂತಗಳು

ತೆರೆದ ನೀರಿನ ನಕ್ಷೆಯನ್ನು ರಚಿಸುವ ಕ್ರಮವು ಸಾಮಾನ್ಯವಾಗಿ ಈ ಹಂತಗಳಲ್ಲಿ ಸಾಗುತ್ತದೆ:

1. ಚಿತ್ರಗಳ ಆಯ್ಕೆ: ಪ್ರವಾಹದ ಮೊದಲಿನ ಒಂದು ಅಥವಾ ಹಲವು ಚಿತ್ರಗಳನ್ನೂ ಪ್ರವಾಹಕಾಲದ ಒಂದು ಚಿತ್ರವನ್ನೂ ಆಯ್ದುಕೊಳ್ಳಲಾಗುತ್ತದೆ. ಇವೆಲ್ಲ ಒಂದೇ ಪಥದ, ಒಂದೇ ನೋಟದ ಕೋನದ ಚಿತ್ರಗಳಾಗಿರಬೇಕು. ಇಲ್ಲವಾದರೆ ಕೋನದ ವ್ಯತ್ಯಾಸವೇ ನೆಲದ ಬದಲಾವಣೆಯೆಂದು ತೋರಬಹುದು.
2. ಮಾಪನಶುದ್ಧಿ: ಪಿಕ್ಸೆಲ್‌ನ ಕಚ್ಚಾ ಅಂಕಿಯನ್ನು ಹಿಂಚದುರಿಕೆಯ ಮೌಲ್ಯಕ್ಕೆ ಪರಿವರ್ತಿಸಲಾಗುತ್ತದೆ.
3. ಚುಕ್ಕೆಗಳ ನಿವಾರಣೆ: ರೇಡಾರ್ ಚಿತ್ರದಲ್ಲಿ ಉಪ್ಪು ಮೆಣಸು ಚೆಲ್ಲಿದಂತೆ ಕಾಣುವ ಚುಕ್ಕೆಗಳು ತರಂಗಗಳ ಪರಸ್ಪರ ವ್ಯತಿಕರಣದಿಂದ ಉಂಟಾಗುತ್ತವೆ. ಸೋಸುಕ್ರಮಗಳಿಂದ ಇವನ್ನು ತಗ್ಗಿಸುತ್ತಾರೆ. ಅತಿಯಾಗಿ ಸೋಸಿದರೆ ಕಿರಿದಾದ ಕಾಲುವೆ, ಒಡ್ಡುಗಳು ಅಳಿಸಿಹೋಗುತ್ತವೆ.
4. ಭೂಸ್ವರೂಪ ತಿದ್ದುಪಡಿ: ನೆಲದ ಎತ್ತರದ ಅಂಕೀಯ ಮಾದರಿಯನ್ನು ಬಳಸಿ ಚಿತ್ರವನ್ನು ಸರಿಯಾದ ಅಕ್ಷಾಂಶ ರೇಖಾಂಶಗಳಿಗೆ ಹೊಂದಿಸಲಾಗುತ್ತದೆ.
5. ವರ್ಗೀಕರಣ: ಒಂದು ಮಿತಿಮೌಲ್ಯಕ್ಕಿಂತ ಕಡಿಮೆ ಹಿಂಚದುರಿಕೆಯುಳ್ಳ ಪಿಕ್ಸೆಲ್‌ಗಳನ್ನು ನೀರೆಂದು ಗುರುತಿಸುತ್ತಾರೆ. ಮಿತಿಯನ್ನು ತಾನಾಗಿಯೇ ಕಂಡುಕೊಳ್ಳಲು ಜಪಾನಿನ ನೊಬುಯುಕಿ ಓಟ್ಸು 1979ರಲ್ಲಿ ಪ್ರಕಟಿಸಿದ ವಿಧಾನವು ವ್ಯಾಪಕವಾಗಿ ಬಳಕೆಯಲ್ಲಿದೆ. ಪ್ರವಾಹಕಾಲದ ಚಿತ್ರವನ್ನು ಹಿಂದಿನ ಚಿತ್ರದೊಡನೆ ಹೋಲಿಸಿ ಬದಲಾವಣೆಯನ್ನು ಪತ್ತೆಹಚ್ಚುವುದು ಮತ್ತೊಂದು ಮಾರ್ಗ. ಯಂತ್ರಕಲಿಕೆಯ ವಿಧಾನಗಳೂ ಇತ್ತೀಚಿನ ವರ್ಷಗಳಲ್ಲಿ ಬೆಳೆದಿವೆ.
6. ಶಾಶ್ವತ ನೀರಿನ ಬೇರ್ಪಡಿಕೆ: ಸಮುದ್ರ, ನದಿ, ಕೆರೆಗಳನ್ನು ಕಳೆದರೆ ಉಳಿಯುವುದು ಪ್ರವಾಹದ ನೀರು. 1984ರಿಂದೀಚಿನ ಲ್ಯಾಂಡ್‌ಸ್ಯಾಟ್ ಚಿತ್ರಗಳಿಂದ ರಚಿತವಾದ ಜಾಗತಿಕ ಮೇಲ್ಮೈನೀರಿನ ದತ್ತಾಂಶವನ್ನು ಇದಕ್ಕೆ ಬಳಸುವುದುಂಟು.
7. ಅಸಂಭವ ಸ್ಥಳಗಳ ನಿವಾರಣೆ: ಕಡಿದಾದ ಇಳಿಜಾರುಗಳು ಹಾಗೂ ಹತ್ತಿರದ ಹಳ್ಳಕ್ಕಿಂತ ಬಹಳ ಎತ್ತರದಲ್ಲಿರುವ ಸ್ಥಳಗಳನ್ನು ಕೈಬಿಡಲಾಗುತ್ತದೆ.
8. ಪರಿಶೀಲನೆ ಮತ್ತು ಪ್ರಕಟಣೆ: ನಕ್ಷೆಯ ಜೊತೆಗೆ ಚಿತ್ರ ತೆಗೆದ ದಿನಾಂಕ, ಗಂಟೆ ಮತ್ತು ಮಿತಿಗಳನ್ನು ನಮೂದಿಸಲಾಗುತ್ತದೆ.

ವಿಸ್ತೀರ್ಣದ ಲೆಕ್ಕ ಸರಳವಾದದ್ದು. ಸೆಂಟಿನೆಲ್-1ರ ಸಾಮಾನ್ಯ ಚಿತ್ರದಲ್ಲಿ ಒಂದು ಪಿಕ್ಸೆಲ್ 10 ಮೀ. × 10 ಮೀ., ಅಂದರೆ 100 ಚದರ ಮೀಟರ್. 100 ಪಿಕ್ಸೆಲ್‌ಗಳು ಸೇರಿದರೆ ಒಂದು ಹೆಕ್ಟೇರ್. 10,000 ಪಿಕ್ಸೆಲ್‌ಗಳು ಸೇರಿದರೆ ಒಂದು ಚದರ ಕಿ.ಮೀ. ಆದರೆ ಪಿಕ್ಸೆಲ್‌ನ ಅಳತೆಯೂ ಚಿತ್ರದ ನಿಜವಾದ ಸೂಕ್ಷ್ಮತೆಯೂ ಒಂದೇ ಅಲ್ಲ. ಈ ಉಪಗ್ರಹದ ಮುಖ್ಯ ಕಾರ್ಯವಿಧಾನದಲ್ಲಿ ಮೂಲ ಸೂಕ್ಷ್ಮತೆ ಸುಮಾರು 5 ಮೀ. × 20 ಮೀ.

ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಸ್ನ್ಯಾಪ್ ಎಂಬ ಉಚಿತ ತಂತ್ರಾಂಶದಲ್ಲಿ ಈ ಹಂತಗಳನ್ನು ಕೈಗೊಳ್ಳಬಹುದು. ಗೂಗಲ್ ಅರ್ಥ್ ಎಂಜಿನ್‌ನಂಥ ವೇದಿಕೆಗಳಲ್ಲಿ ಮಾಪನಶುದ್ಧಿ, ಭೂಸ್ವರೂಪ ತಿದ್ದುಪಡಿಗಳು ಆದ ಚಿತ್ರಗಳೇ ದೊರೆಯುತ್ತವೆ. 2021ರಿಂದ ಕೋಪರ್ನಿಕಸ್‌ನ ಜಾಗತಿಕ ಪ್ರವಾಹ ನಿಗಾ ಸೇವೆಯು ಬರುವ ಸೆಂಟಿನೆಲ್-1 ಚಿತ್ರಗಳನ್ನು ಮೂರು ಪ್ರತ್ಯೇಕ ಕ್ರಮವಿಧಿಗಳಿಂದ ಪರಿಶೀಲಿಸಿ, ಅವುಗಳ ಒಮ್ಮತದ ಫಲಿತಾಂಶವನ್ನು ಪ್ರಕಟಿಸುತ್ತಿದೆ.

## ಕರಾವಳಿಗೆ ವಿಶಿಷ್ಟವಾದ ತೊಡಕುಗಳು

### ಉಬ್ಬರವಿಳಿತ

ಒಳನಾಡಿನ ನದಿಬಯಲಿನಲ್ಲಿ ಎರಡು ಚಿತ್ರಗಳ ನಡುವೆ ನೀರು ಹೆಚ್ಚಿದ್ದರೆ ಅದನ್ನು ಪ್ರವಾಹವೆನ್ನಬಹುದು. ಕರಾವಳಿಯಲ್ಲಿ ಹಾಗೆ ಹೇಳಲಾಗದು. ಅಳಿವೆಯ ಕೆಸರು ಬಯಲುಗಳು ಪ್ರತಿದಿನವೂ ಮುಳುಗಿ ಏಳುತ್ತವೆ. ಹುಣ್ಣಿಮೆ ಮತ್ತು ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರವು ಹೆಚ್ಚು ಎತ್ತರಕ್ಕೂ, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ ಎತ್ತರಕ್ಕೂ ಏರುತ್ತದೆ. ಸೆಂಟಿನೆಲ್-1 ಸ್ಥಳೀಯ ಕಾಲಮಾನದಂತೆ ಮುಂಜಾನೆ ಮತ್ತು ಸಂಜೆ ಸುಮಾರು 6 ಗಂಟೆಯ ಹೊತ್ತಿಗೆ ಹಾದುಹೋಗುತ್ತದೆ. ಆದರೆ ಉಬ್ಬರದ ವೇಳೆಯು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುವುದರಿಂದ, ಉಪಗ್ರಹವು 12 ದಿನಗಳ ಬಳಿಕ ಅದೇ ಗಂಟೆಗೆ ಬಂದರೂ ಸಮುದ್ರದ ಮಟ್ಟ ಬೇರೆಯಾಗಿರುತ್ತದೆ. ಇಳಿತದ ವೇಳೆಯ ಚಿತ್ರವನ್ನು ಉಬ್ಬರದ ವೇಳೆಯ ಚಿತ್ರದೊಡನೆ ಹೋಲಿಸಿದರೆ, ದಿನನಿತ್ಯದ ಉಬ್ಬರವೇ ಪ್ರವಾಹವಾಗಿ ನಕ್ಷೆಗೆ ಸೇರಿಬಿಡುತ್ತದೆ. ಇದನ್ನು ತಪ್ಪಿಸಲು ಸಮುದ್ರಮಟ್ಟ ಸಮಾನವಾಗಿದ್ದ ಚಿತ್ರಗಳನ್ನು ಆರಿಸಬೇಕು, ಅಥವಾ ಹಲವು ತಿಂಗಳ ಚಿತ್ರಗಳಿಂದ ಉಬ್ಬರ ತಲುಪುವ ಸಹಜ ಗಡಿಯನ್ನು ಮೊದಲೇ ಗುರುತಿಸಿಕೊಳ್ಳಬೇಕು.

### ಗಾಳಿ

ಬಲವಾದ ಗಾಳಿ ಬೀಸಿದಾಗ ನೀರಿನ ಮೇಲೆ ತರಂಗಾಂತರದಷ್ಟೇ ಅಳತೆಯ ಕಿರುತೆರೆಗಳು ಏಳುತ್ತವೆ. ಆಗ ನೀರು ಒರಟು ನೆಲದಂತೆ ಬೆಳ್ಳಗೆ ಕಾಣುತ್ತದೆ. ಚಂಡಮಾರುತವು ದಡವನ್ನು ದಾಟುತ್ತಿರುವಾಗಲೇ ತೆಗೆದ ಚಿತ್ರದಲ್ಲಿ ಪ್ರವಾಹದ ವ್ಯಾಪ್ತಿ ವಾಸ್ತವಕ್ಕಿಂತ ಕಡಿಮೆಯಾಗಿ ತೋರುವುದಕ್ಕೆ ಇದೊಂದು ಕಾರಣ.

### ಕಾಂಡ್ಲಾ ಕಾಡುಗಳು ಮತ್ತು ಊರುಗಳು

ಕಾಂಡ್ಲಾ ಕಾಡುಗಳ ದಟ್ಟ ಎಲೆಗಳ ಕೆಳಗಿನ ನೀರನ್ನು ಎಕ್ಸ್ ಮತ್ತು ಸಿ ಪಟ್ಟಿಯ ರೇಡಾರುಗಳು ಸುಲಭವಾಗಿ ಕಾಣಲಾರವು. ಎಲ್ ಪಟ್ಟಿಯಲ್ಲಿ ಇಮ್ಮಡಿ ಪ್ರತಿಫಲನದ ಮೂಲಕ ಅದನ್ನು ಗುರುತಿಸುವ ಸಾಧ್ಯತೆ ಹೆಚ್ಚು.

ಪಟ್ಟಣಗಳಲ್ಲಿ ತೊಡಕು ಇನ್ನೂ ತೀವ್ರ. ಕಟ್ಟಡಗಳು ಒಣಗಿದ್ದಾಗಲೂ ಬೆಳ್ಳಗೆ ಕಾಣುತ್ತವೆ. ಎತ್ತರದ ಗೋಡೆಗಳ ಹಿಂದಿನ ಬೀದಿಗಳು ರೇಡಾರ್ ನೆರಳಿನಲ್ಲಿ ಮರೆಯಾಗುತ್ತವೆ. ಕಿರಿದಾದ ಓಣಿಯ ನೀರು ಒಂದು ಪಿಕ್ಸೆಲ್‌ನಷ್ಟೂ ಅಗಲವಿರದೆ ಇರಬಹುದು. ಇದಕ್ಕೆ ಪರಿಹಾರವಾಗಿ ಎರಡು ಚಿತ್ರಗಳ ತರಂಗಗಳ ಪ್ರಾವಸ್ಥೆಯು ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದನ್ನು ಅಳೆಯುತ್ತಾರೆ. ಬದಲಾಗದ ಕಟ್ಟಡಗಳಲ್ಲಿ ಈ ಹೊಂದಾಣಿಕೆ ಹೆಚ್ಚಿರುತ್ತದೆ. ಅವುಗಳ ನಡುವೆ ನೀರು ನುಗ್ಗಿದಾಗ ಅದು ಕುಸಿಯುತ್ತದೆ. ಜನರು ಒತ್ತಾಗಿ ವಾಸಿಸುವ ಸ್ಥಳಗಳಲ್ಲಿಯೇ ಸಾಮಾನ್ಯ ನಕ್ಷೆಯು ದುರ್ಬಲವಾಗಿರುವುದು ಈ ವಿಧಾನದ ಬಹುಮುಖ್ಯ ಮಿತಿ.

### ನೀರಿನಂತೆ ಕಾಣುವ ನೆಲ

ನುಣುಪಾದ ಒಣ ಮರಳು, ವಿಮಾನ ನಿಲ್ದಾಣದ ಓಡುಹಾದಿ ಹಾಗೂ ಅಗಲವಾದ ಡಾಂಬರು ರಸ್ತೆಗಳು ನೀರಿನಂತೆಯೇ ಕಪ್ಪಾಗಿ ಕಾಣುತ್ತವೆ. ಇನ್ನು ಉಪ್ಪಿನ ಆಗರ, ಸೀಗಡಿ ಹೊಂಡ ಮತ್ತು ನಾಟಿಗೆ ಸಿದ್ಧವಾದ ಭತ್ತದ ಗದ್ದೆಗಳಲ್ಲಿ ಇರುವುದು ನಿಜವಾದ ನೀರೇ. ಆದರೆ ಅದು ಪ್ರವಾಹವಲ್ಲ. ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ಅಳಿವೆಯ ಗಜನಿ ಭೂಮಿಗಳು ಇದಕ್ಕೆ ಉತ್ತಮ ನಿದರ್ಶನ. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಬೆಳೆಯುವ, ಸೀಗಡಿ ಮೀನುಗಳನ್ನು ಹಿಡಿಯುವ ಈ ತಗ್ಗು ಗದ್ದೆಗಳಿಗೆ ಉಬ್ಬರದ ನೀರು ಬರುವುದು ಅಲ್ಲಿನ ಕೃಷಿಯ ಭಾಗವೇ ಆಗಿದೆ. ಸ್ಥಳೀಯ ಭೂಬಳಕೆಯ ತಿಳಿವಳಿಕೆಯಿಲ್ಲದೆ ರಚಿಸಿದ ನಕ್ಷೆಯು ಇಂಥ ಭೂಮಿಯನ್ನು ಪ್ರವಾಹಪೀಡಿತವೆಂದು ತೋರಿಸಬಹುದು.

### ಉಪಗ್ರಹ ಹಾದುಹೋಗುವ ವೇಳೆ

ಬಿರುಗಾಳಿ ಉಬ್ಬರವು ಕೆಲವೇ ಗಂಟೆಗಳಲ್ಲಿ ಏರಿ ಇಳಿಯುವುದುಂಟು. ಅದರ ಶಿಖರಸ್ಥಿತಿಯಲ್ಲಿ ಉಪಗ್ರಹವು ಅಲ್ಲಿಯೇ ಹಾದುಹೋಗುವ ಸಂಭವ ಕಡಿಮೆ. ಆದುದರಿಂದ ಚಿತ್ರದಲ್ಲಿ ಸಾಮಾನ್ಯವಾಗಿ ಕಾಣುವುದು ಒಡ್ಡುಗಳ ಒಳಗೆ ಸಿಕ್ಕಿಕೊಂಡ ನೀರು ಅಥವಾ ಆಮೇಲೆ ಬಂದ ನದಿಯ ನೀರು. ಗರಿಷ್ಠ ವ್ಯಾಪ್ತಿಯನ್ನು ತಿಳಿಯಲು ಉಬ್ಬರದ ಗಣಕ ಮಾದರಿಗಳನ್ನೂ ಗೋಡೆಗಳ ಮೇಲೆ ಉಳಿದ ನೀರಿನ ಗುರುತುಗಳನ್ನೂ ಆಶ್ರಯಿಸಬೇಕಾಗುತ್ತದೆ.

## ನಿದರ್ಶನ: ಇಡಾಯಿ ಚಂಡಮಾರುತ, 2019

ಇಡಾಯಿ ಚಂಡಮಾರುತವು 2019ರ ಮಾರ್ಚ್ 14ರ ರಾತ್ರಿ ಮತ್ತು 15ರ ಬೆಳಗಿನ ಜಾವದ ನಡುವೆ ಆಫ್ರಿಕಾದ ಮೊಜಾಂಬಿಕ್ ದೇಶದ ಬೈರಾ ಬಂದರು ನಗರದ ಬಳಿ ದಡ ಸೇರಿತು. ಮೊದಲು ಗಾಳಿ ಮತ್ತು ಸಮುದ್ರದ ಉಬ್ಬರ ಅಪ್ಪಳಿಸಿದವು. ಅನಂತರದ ದಿನಗಳಲ್ಲಿ ಒಳನಾಡಿನ ಹಾಗೂ ನೆರೆಯ ಜಿಂಬಾಬ್ವೆಯ ಮಲೆಗಳಲ್ಲಿ ಸುರಿದ ಮಳೆಯಿಂದ ಪುಂಗ್ವೆ ಮತ್ತು ಬುಜಿ ನದಿಗಳು ಉಕ್ಕಿ, ಬೈರಾದ ಹಿಂಬದಿಯ ಬಯಲುಗಳನ್ನು ಮುಳುಗಿಸಿದವು. ನಗರಕ್ಕೆ ಹೋಗುವ ಹೆದ್ದಾರಿ ಕೊಚ್ಚಿಹೋಯಿತು. ಜನರು ಮರಗಳ ಮೇಲೂ ಮನೆಗಳ ಮಾಡಿನ ಮೇಲೂ ದಿನಗಟ್ಟಲೆ ಸಿಲುಕಿಕೊಂಡರು. ಮೊಜಾಂಬಿಕ್ ಒಂದರಲ್ಲಿಯೇ 600ಕ್ಕೂ ಹೆಚ್ಚು ಜನರು ಮೃತಪಟ್ಟರು.

ಅಂತರರಾಷ್ಟ್ರೀಯ ಸನ್ನದು ಮತ್ತು ಕೋಪರ್ನಿಕಸ್ ತುರ್ತು ನಿರ್ವಹಣಾ ಸೇವೆ ಎರಡೂ ಕಾರ್ಯಪ್ರವೃತ್ತವಾದವು. ಮಾರ್ಚ್ 19ರ ಸೆಂಟಿನೆಲ್-1 ಚಿತ್ರದಿಂದ ಬೈರಾ ಸುತ್ತಲಿನ ಪ್ರವಾಹವನ್ನು ಕೆಂಪು ಬಣ್ಣದಲ್ಲಿ ಗುರುತಿಸಿದ ನಕ್ಷೆಯನ್ನು ಐರೋಪ್ಯ ಬಾಹ್ಯಾಕಾಶ ಸಂಸ್ಥೆ ಪ್ರಕಟಿಸಿತು. ಚಂಡಮಾರುತವು ದಡ ಸೇರಿದ ಹಲವು ದಿನಗಳ ಬಳಿಕವೂ ನೀರು ನದಿಬಯಲುಗಳಲ್ಲಿ ವಿಶಾಲವಾಗಿ ನಿಂತಿರುವುದು ಇಂಥ ನಕ್ಷೆಗಳಿಂದ ಜಗತ್ತಿಗೆ ತಿಳಿಯಿತು. ಆ ದಿನಗಳಲ್ಲಿ ಬೈರಾ ತಲುಪಿ ನೆರವಾದವರಲ್ಲಿ ಭಾರತೀಯ ನೌಕಾಪಡೆಯ ಸುಜಾತಾ, ಶಾರ್ದೂಲ ಹಾಗೂ ತಟರಕ್ಷಣಾ ಪಡೆಯ ಸಾರಥಿ ಹಡಗುಗಳ ಸಿಬ್ಬಂದಿಯೂ ಇದ್ದರು.

ಈ ಪ್ರಕರಣವು ಕರಾವಳಿ ನಕ್ಷೆಯನ್ನು ಓದುವಾಗ ವಹಿಸಬೇಕಾದ ಎಚ್ಚರವನ್ನೂ ತೋರಿಸುತ್ತದೆ. ಬೈರಾದಲ್ಲಿ ದೊಡ್ಡ ಉಬ್ಬರ ಮತ್ತು ಇಳಿತಗಳ ನಡುವಿನ ಅಂತರ 6 ಮೀಟರಿಗೂ ಹೆಚ್ಚು. ಮಾರ್ಚ್ 14 ಶುಕ್ಲಪಕ್ಷದ ಅಷ್ಟಮಿ. ಅಂದರೆ ಚಂಡಮಾರುತ ಬಂದದ್ದು ಸಣ್ಣ ಉಬ್ಬರದ ಅವಧಿಯಲ್ಲಿ. ಹುಣ್ಣಿಮೆ ಬಂದದ್ದು ಮಾರ್ಚ್ 20–21ರಲ್ಲಿ. ಹೀಗಾಗಿ 19ರ ಚಿತ್ರವು ಉಬ್ಬರವಿಳಿತದ ಅಂತರ ದೊಡ್ಡದಾಗುತ್ತಿದ್ದ ದಿನಗಳದು. ಅಳಿವೆಯ ಅಂಚಿನಲ್ಲಿ ಇವೆರಡು ಅವಧಿಗಳ ಚಿತ್ರಗಳನ್ನು ಹೋಲಿಸುವವರು ಚಂದ್ರನಿಂದಾದ ವ್ಯತ್ಯಾಸವನ್ನು ಮಳೆಯಿಂದಾದ ವ್ಯತ್ಯಾಸದಿಂದ ಬೇರ್ಪಡಿಸಬೇಕಾಗುತ್ತದೆ. ಒಳಗಿನ ನದಿಬಯಲುಗಳಲ್ಲಿ ಈ ಸಂದೇಹಕ್ಕೆ ಅವಕಾಶ ಕಡಿಮೆ. ನಗರದ ಒತ್ತಾದ ಬಡಾವಣೆಗಳ ವಿಷಯದಲ್ಲಿಯಾದರೋ, 10 ಮೀಟರ್ ಪಿಕ್ಸೆಲ್‌ನ ಸಿ ಪಟ್ಟಿಯ ಚಿತ್ರದಲ್ಲಿ ಕೆಂಪು ಬಣ್ಣವಿಲ್ಲದಿರುವುದು ಅಲ್ಲಿ ನೀರಿರಲಿಲ್ಲ ಎಂಬುದಕ್ಕೆ ಪುರಾವೆಯಾಗದು.

## ಭಾರತದಲ್ಲಿ

ಭಾರತದಲ್ಲಿ ಪ್ರವಾಹ ನಕ್ಷೆಗಳನ್ನು ಮುಖ್ಯವಾಗಿ ಹೈದರಾಬಾದಿನಲ್ಲಿರುವ ಇಸ್ರೊದ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ಸಿದ್ಧಪಡಿಸಿ ಕೇಂದ್ರ ಹಾಗೂ ರಾಜ್ಯಗಳ ವಿಪತ್ತು ನಿರ್ವಹಣಾ ಸಂಸ್ಥೆಗಳಿಗೆ ಒದಗಿಸುತ್ತದೆ. ಇಂಥ ಮಾಹಿತಿಯು ಭುವನ್ ಜಾಲತಾಣದಲ್ಲಿಯೂ ದೊರೆಯುತ್ತದೆ. ಭಾರತದ ಪ್ರಮುಖ ರೇಡಾರ್ ಉಪಗ್ರಹಗಳು ಹೀಗಿವೆ:

* ರಿಸ್ಯಾಟ್-2: 2009ರ ಏಪ್ರಿಲ್; ಎಕ್ಸ್ ಪಟ್ಟಿ.
* ರಿಸ್ಯಾಟ್-1: 2012ರ ಏಪ್ರಿಲ್, ಸಿ ಪಟ್ಟಿ. ದೇಶೀಯವಾಗಿ ನಿರ್ಮಿತವಾದ ಮೊದಲ ರೇಡಾರ್ ಚಿತ್ರಣ ಉಪಗ್ರಹ.
* ರಿಸ್ಯಾಟ್-2ಬಿ: 2019ರ ಮೇ, ಎಕ್ಸ್ ಪಟ್ಟಿ.
* ಇಒಎಸ್-04: 2022ರ ಫೆಬ್ರವರಿ, ಸಿ ಪಟ್ಟಿ.
* ನಿಸಾರ್: 2025ರ ಜುಲೈ 30, ಎಲ್ ಮತ್ತು ಎಸ್ ಪಟ್ಟಿಗಳು.

ನಿಸಾರ್ ಅಮೆರಿಕದ ನಾಸಾ ಮತ್ತು ಇಸ್ರೊಗಳ ಜಂಟಿ ಯೋಜನೆ. ಎಲ್ ಪಟ್ಟಿಯ ರೇಡಾರ್ ಅನ್ನು ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯವೂ ಎಸ್ ಪಟ್ಟಿಯದನ್ನು ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರವೂ ನಿರ್ಮಿಸಿದವು. 2023ರ ಮಾರ್ಚ್‌ನಲ್ಲಿ ಈ ಉಪಕರಣಗಳು ಬೆಂಗಳೂರಿಗೆ ಬಂದವು, ಅಲ್ಲಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಅವನ್ನು ಉಪಗ್ರಹದೊಡನೆ ಜೋಡಿಸಿ ಪರೀಕ್ಷಿಸಲಾಯಿತು. 12 ಮೀಟರ್ ವ್ಯಾಸದ ಬಿಚ್ಚಿಕೊಳ್ಳುವ ಆಂಟೆನಾ ಇದರ ವೈಶಿಷ್ಟ್ಯ. ಉದ್ದ ತರಂಗಾಂತರದ ಕಾರಣದಿಂದ ಕಾಂಡ್ಲಾ ಕಾಡು ಮತ್ತು ತೋಟಗಳ ಕೆಳಗಿನ ನೀರಿನ ಅಧ್ಯಯನಕ್ಕೆ ಇದು ಸಿ ಪಟ್ಟಿಯ ಉಪಗ್ರಹಗಳಿಗಿಂತ ಹೆಚ್ಚು ಅನುಕೂಲಕರ.

ಬಂಗಾಳ ಕೊಲ್ಲಿಯ ತೀರದಲ್ಲಿ 2020ರ ಮೇ 20ರಂದು ಅಂಫಾನ್, 2021ರ ಮೇ 26ರಂದು ಯಾಸ್ ಚಂಡಮಾರುತಗಳು ದಡ ಸೇರಿದವು. ಯಾಸ್ ಬಂದದ್ದು ಹುಣ್ಣಿಮೆಯ ದಿನ. ಚಂಡಮಾರುತದ ಉಬ್ಬರವು ಹುಣ್ಣಿಮೆಯ ದೊಡ್ಡ ಉಬ್ಬರದೊಡನೆ ಸೇರಿ ಪಶ್ಚಿಮ ಬಂಗಾಳದ ಸುಂದರಬನ ಪ್ರದೇಶದಲ್ಲಿ ಮಣ್ಣಿನ ಒಡ್ಡುಗಳು ಒಡೆದವು. ಉಪ್ಪುನೀರು ಹೊಲಗಳಿಗೂ ಸಿಹಿನೀರಿನ ಕೊಳಗಳಿಗೂ ನುಗ್ಗಿತು. ಇಂಥ ಪ್ರದೇಶದಲ್ಲಿ ಪ್ರವಾಹದ ವಿಸ್ತಾರದಷ್ಟೇ ನೀರು ನಿಂತ ದಿನಗಳ ಸಂಖ್ಯೆಯೂ ಮುಖ್ಯ; ಉಪ್ಪುನೀರು ಹೆಚ್ಚು ಕಾಲ ನಿಂತಷ್ಟೂ ಮಣ್ಣು ಬೇಸಾಯಕ್ಕೆ ಮರಳುವುದು ತಡವಾಗುತ್ತದೆ. ಅನುಕ್ರಮವಾಗಿ ತೆಗೆದ ರೇಡಾರ್ ಚಿತ್ರಗಳಿಂದ ಈ ಅವಧಿಯನ್ನು ಅಂದಾಜಿಸಬಹುದು.

ಕೇರಳದ ಕುಟ್ಟನಾಡು ಮತ್ತೊಂದು ವಿಶಿಷ್ಟ ಪ್ರದೇಶ. ಇಲ್ಲಿ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ಗದ್ದೆಗಳಿಗೆ ಸುತ್ತಲೂ ಒಡ್ಡು ಕಟ್ಟಿ, ನೀರನ್ನು ಹೊರಹಾಕಿ ಭತ್ತ ಬೆಳೆಯುತ್ತಾರೆ. ಬೆಳೆಯಿಲ್ಲದ ಮಳೆಗಾಲದಲ್ಲಿ ಅನೇಕ ಗದ್ದೆಗಳು ಸಹಜವಾಗಿಯೇ ನೀರಿನಲ್ಲಿರುತ್ತವೆ. 2018ರ ಆಗಸ್ಟ್‌ನ ಮಹಾಪ್ರವಾಹದಂಥ ಸಂದರ್ಭದಲ್ಲಿ ಬೇಸಿಗೆಯ ಚಿತ್ರವನ್ನು ಹೋಲಿಕೆಗೆ ಬಳಸಿದರೆ ಈ ಗದ್ದೆಗಳೆಲ್ಲವೂ ಪ್ರವಾಹದ ಲೆಕ್ಕಕ್ಕೆ ಸೇರುತ್ತವೆ. ಹಿಂದಿನ ವರ್ಷಗಳ ಅದೇ ತಿಂಗಳ ಚಿತ್ರಗಳೊಡನೆ ಹೋಲಿಸುವುದು ಇಲ್ಲಿ ಹೆಚ್ಚು ಸೂಕ್ತ.

## ನಿಖರತೆ ಮತ್ತು ನಕ್ಷೆಯ ಓದು

ನಕ್ಷೆಯ ನಿಖರತೆಯನ್ನು ನೆಲದ ಸಮೀಕ್ಷೆ, ವಿಮಾನದಿಂದ ತೆಗೆದ ಛಾಯಾಚಿತ್ರಗಳು ಅಥವಾ ಮೋಡವಿಲ್ಲದ ಉಪಗ್ರಹ ಚಿತ್ರಗಳೊಡನೆ ಹೋಲಿಸಿ ಅಳೆಯುತ್ತಾರೆ. ಒಟ್ಟಾರೆ ನಿಖರತೆಯ ಶೇಕಡಾವಾರು ದಾರಿ ತಪ್ಪಿಸಬಹುದು. 1,000 ಚದರ ಕಿ.ಮೀ. ಪ್ರದೇಶವೊಂದರಲ್ಲಿ ನಿಜವಾಗಿ 100 ಚದರ ಕಿ.ಮೀ. ಮುಳುಗಿದೆಯೆಂದೂ, ನಕ್ಷೆಯು ಅದರಲ್ಲಿ 70ನ್ನು ಸರಿಯಾಗಿ ಗುರುತಿಸಿ, 30ನ್ನು ಬಿಟ್ಟು, ಒಣಗಿರುವ 10 ಚದರ ಕಿ.ಮೀ.ಯನ್ನು ತಪ್ಪಾಗಿ ನೀರೆಂದು ತೋರಿಸಿದೆಯೆಂದೂ ಭಾವಿಸೋಣ. ಸರಿಯಾಗಿ ಗುರುತಿಸಿದ ಒಟ್ಟು ಪ್ರದೇಶ 960 ಚದರ ಕಿ.ಮೀ. ಆದುದರಿಂದ ಒಟ್ಟಾರೆ ನಿಖರತೆ ಶೇ. 96. ಆದರೂ ಮುಳುಗಿದ ಪ್ರದೇಶದ ಶೇ. 30 ಭಾಗ ನಕ್ಷೆಯಲ್ಲಿಲ್ಲ. ಈ ಕಾರಣದಿಂದ ತಜ್ಞರು ಸರಿಯಾದ ಭಾಗವನ್ನು, ಸರಿಯಾದ, ಬಿಟ್ಟುಹೋದ ಮತ್ತು ತಪ್ಪಾಗಿ ಸೇರಿದ ಭಾಗಗಳ ಮೊತ್ತದಿಂದ ಭಾಗಿಸುವ ಸೂಚ್ಯಂಕವನ್ನು ಬಳಸುತ್ತಾರೆ. ಮೇಲಿನ ಉದಾಹರಣೆಯಲ್ಲಿ ಅದು 70 ÷ 110, ಅಂದರೆ ಸುಮಾರು 0.64.

ರೇಡಾರ್ ಚಿತ್ರವು ನೀರಿನ ವಿಸ್ತಾರವನ್ನು ತೋರಿಸುತ್ತದೆಯೇ ಹೊರತು ಆಳವನ್ನಲ್ಲ. ಪ್ರವಾಹದ ಅಂಚನ್ನು ನೆಲದ ಎತ್ತರದ ಮಾದರಿಯೊಡನೆ ಹೊಂದಿಸಿ ಆಳವನ್ನು ಅಂದಾಜಿಸುವ ವಿಧಾನಗಳಿವೆ. ಆದರೆ 2000ದಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದ ಎಸ್‌ಆರ್‌ಟಿಎಂನಂಥ ಮಾದರಿಗಳು ಮರ ಮತ್ತು ಕಟ್ಟಡಗಳ ಎತ್ತರವನ್ನೂ ನೆಲದ ಎತ್ತರದಲ್ಲಿ ಸೇರಿಸಿಕೊಂಡಿರುತ್ತವೆ. ಒಂದೆರಡು ಮೀಟರುಗಳ ತಪ್ಪು ಕೂಡ ಸಮತಟ್ಟಾದ ಕರಾವಳಿಯಲ್ಲಿ ದೊಡ್ಡ ವ್ಯತ್ಯಾಸವನ್ನುಂಟುಮಾಡುತ್ತದೆ.

ಪರಿಹಾರ ಕಾರ್ಯದಲ್ಲಿ ಇವೆರಡು ಬಗೆಯ ತಪ್ಪುಗಳ ಬೆಲೆ ಒಂದೇ ಅಲ್ಲ. ಒಣ ನೆಲವನ್ನು ನೀರೆಂದು ತೋರಿಸಿದರೆ ದೋಣಿಯ ಒಂದು ಪ್ರಯಾಣ ವ್ಯರ್ಥವಾಗಬಹುದು. ನೀರಿರುವ ಊರನ್ನು ಬಿಟ್ಟರೆ ಅಲ್ಲಿಗೆ ದೋಣಿಯೇ ಹೋಗದಿರಬಹುದು. ಬೆಳೆವಿಮೆ ಮತ್ತು ಪರಿಹಾರಧನದ ನಿರ್ಧಾರಕ್ಕೂ ಇದು ಅನ್ವಯಿಸುತ್ತದೆ. ಆದುದರಿಂದ ನಕ್ಷೆಯಲ್ಲಿ ಚಿತ್ರ ತೆಗೆದ ವೇಳೆ, ಆಗಿನ ಉಬ್ಬರದ ಸ್ಥಿತಿ ಹಾಗೂ ರೇಡಾರಿಗೆ ಕಾಣದ ಪಟ್ಟಣ, ಕಾಡು, ನೆರಳಿನ ಪ್ರದೇಶಗಳನ್ನು ಪ್ರತ್ಯೇಕ ಬಣ್ಣದಲ್ಲಿ ಸೂಚಿಸುವುದು ಉತ್ತಮ ಪದ್ಧತಿ. ಕೋಪರ್ನಿಕಸ್‌ನ ಜಾಗತಿಕ ನಿಗಾ ಸೇವೆಯು ಪ್ರವಾಹದ ಪದರದ ಜೊತೆಗೆ ಇಂಥ ಅಗೋಚರ ಪ್ರದೇಶಗಳ ಪದರವನ್ನೂ ಪ್ರಕಟಿಸುತ್ತದೆ.

## ಇವನ್ನೂ ನೋಡಿ

* ದೂರಸಂವೇದನೆ
* ರೇಡಾರ್
* ಚಂಡಮಾರುತ
* ಉಬ್ಬರವಿಳಿತ
* ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ
* ಸುಂದರಬನ
* ಅಘನಾಶಿನಿ ನದಿ